ಅರ್ಧ ಸೆಕೆಂಡ್ ಮುಂಚಿನ ನಗು

ಬೆಳಗಿನ ಮೊದಲ ಸಿನಿಮಾ ಅವಳು ಎಡಿಟ್ ಮಾಡಿದ್ದು. ಎಂಟು ತಿಂಗಳ ಕೆಲಸ. ಗಂಡ ಸತ್ತ ಮುದುಕಿಯೊಬ್ಬಳು ಮನೆ ಖಾಲಿ ಮಾಡುವುದು ಬಿಟ್ಟರೆ ಅದರಲ್ಲಿ ಬೇರೇನೂ ನಡೆಯುವುದಿಲ್ಲ. ಪಕ್ಕದ ಸೀಟಿನಲ್ಲಿ ಅವಳ ಗಂಡ, ಹಲ್ಲಿನ ಡಾಕ್ಟರು, ಎರಡು ಗಂಟೆ ಕಲ್ಲಿನ ಹಾಗೆ ಕೂತಿದ್ದ. ಮನೆಯಲ್ಲಿ ಟಿವಿ ಹಾಕಿದ ಹತ್ತು ನಿಮಿಷಕ್ಕೆ ಗೊರಕೆ ಹೊಡೆಯುವ ಮನುಷ್ಯ. ಅವಳಿಗೆ ಆಗಲೇ ಏನೋ ಸರಿಯಿಲ್ಲ ಅನ್ನಿಸಿತು.

ಚಿತ್ರೋತ್ಸವದ ವೇಳಾಪಟ್ಟಿ ಮಾಡಿದವರಿಗೆ ಕರುಣೆ ಇರಲಿಲ್ಲ. ಹತ್ತೇ ನಿಮಿಷ ಬಿಟ್ಟು ಅದೇ ಪರದೆಯ ಮೇಲೆ ಹಾಸ್ಯಚಿತ್ರ. ಒಂದೇ ಮನೆಯನ್ನು ಇಬ್ಬರಿಗೆ ಬಾಡಿಗೆಗೆ ಕೊಟ್ಟ ಮಾಲೀಕನ ಕತೆ. ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. ಮೂರನೇ ಸಲ ನಕ್ಕಾಗ ಅವಳ ಕಿವಿ ನೆಟ್ಟಗಾಯಿತು. ಮಾಲೀಕನ ಕೈ ಬೀರುವಿನ ಹಿಡಿಗೆ ಹೋಗುತ್ತಿತ್ತು, ಒಳಗೆ ಅವಿತ ಬಾಡಿಗೆದಾರ ಇನ್ನೂ ಕಂಡಿರಲಿಲ್ಲ. ಶಾಟ್ ಬದಲಾಗುವುದಕ್ಕೆ ಅರ್ಧ ಸೆಕೆಂಡ್ ಮುಂಚೆಯೇ ಇವನೊಬ್ಬ ನಕ್ಕಿದ್ದ. ಇದಕ್ಕೆ ಮೊದಲು ಆ ಸಿನಿಮಾ ತೋರಿಸಿದ್ದು ಮಂಗಳವಾರ ಮಾತ್ರ.

ಹೊರಗೆ ಬಂದು ಕೇಳಿದಳು. "ಮಂಗಳವಾರ ಎಷ್ಟು ಗಂಟೆವರೆಗೆ ಕ್ಲಿನಿಕ್‌ನಲ್ಲಿದ್ರಿ?"

"ಆರರವರೆಗೆ. ನಾನೆಲ್ಲೂ ಹೋಗಿರ್ಲಿಲ್ಲಪ್ಪ."

"ಹೋಗಿದ್ರಿ ಅಂತ ನಾನೆಲ್ಲಿ ಹೇಳ್ದೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋತೀರಲ್ಲ. ಬೀರು ತೆಗೆಯೋ ಮುಂಚೆ ಒಳಗೆ ಯಾರಿದಾರೆ ಅಂತ ನಿಮಗೆ ಹೇಗ್ರೀ ಗೊತ್ತಾಯ್ತು?"

ಅವನು ಚಪ್ಪಲಿ ನೋಡಿಕೊಂಡ.

"ಜೊತೆಗೆ ಯಾರಿದ್ಲು?"

"ಯಾರೂ ಇಲ್ಲ ಕಣೇ."

"ಹನ್ನೆರಡು ವರ್ಷದಲ್ಲಿ ಒಬ್ರೇ ಕಾಫಿ ಕುಡಿಯಕ್ಕೂ ಹೋದವ್ರಲ್ಲ ನೀವು."

"ಅವತ್ತೂ ನಿನ್ನ ಸಿನಿಮಾ ಇತ್ತಲ್ಲ, ಅದಕ್ಕೇ ಹೋಗಿದ್ದೆ. ಇವತ್ತು ನಿನ್ನ ಪಕ್ಕ ನಿದ್ದೆ ಬಂದುಬಿಟ್ರೆ ಅಂತ ಹೆದರಿಕೆ. ಒಂದ್ಸಲ ಅಭ್ಯಾಸ ಮಾಡ್ಕೊಳ್ಳೋಣ ಅಂತ."

"ಆಮೇಲೆ?"

"ಮಧ್ಯದಲ್ಲಿ ಎದ್ದು ಪಕ್ಕದ ಹಾಲ್‌ಗೆ ನುಗ್ಗಿದೆ. ಅಲ್ಲಿ ಇದು ನಡೀತಿತ್ತು."

"ಎಲ್ಲಿ ಎದ್ರಿ?"

"ಅಜ್ಜಿ ಬೆಡ್‌ಶೀಟ್ ಮಡಿಸ್ತಾಳಲ್ಲ, ಅಲ್ಲಿ."

"ಎಷ್ಟನೇ ಬೆಡ್‌ಶೀಟು?"

"ನಾಲ್ಕನೇದು."

ಅವಳು ನಂಬಿದಳು. ಸುಳ್ಳು ಹೇಳುವವನಿಗೆ ಆ ಲೆಕ್ಕ ಹೊಳೆಯುವುದಿಲ್ಲ. ಮೂರು ಸಾಕು ಎಂದು ನಿರ್ದೇಶಕ ವಾರವಿಡೀ ಅಂಗಲಾಚಿದ್ದ. ಆರು ಬೆಡ್‌ಶೀಟೂ ಇರಲೇಬೇಕೆಂದು ಹಟ ಹಿಡಿದವಳು ಇವಳು. ಬೇರೆ ಹೆಂಗಸೊಬ್ಬಳು ಇದ್ದಿದ್ದರೆ ಬಾಯಿತುಂಬ ಬೈಯಬಹುದಿತ್ತು.

ನಿರ್ದೇಶಕ ಕೈಬೀಸುತ್ತಾ ಇತ್ತಲೇ ಬರುತ್ತಿದ್ದ.

"ರೀ," ಎಂದಳು ಹಲ್ಲು ಕಚ್ಚಿ, "ನಾಲ್ಕು ಅನ್ನೋ ಮಾತು ಬಾಯಿಂದ ಬಂದ್ರೆ ನೋಡಿ."