ಕಾವಲಿನ ಸರದಿ

"ಸೊಂಟ ನೋವು ಇಟ್ಕೊಂಡು ನೀವ್ಯಾಕೆ ಅಟ್ಟಣೆ ಹತ್ತೀರಾ ಮಾವ? ನಿಮ್ಮ ಸರದಿಗೂ ಇವರೇ ಹೋಗ್ತಾರೆ" ಎಂದು ಪುಷ್ಪಾ ಬೇಲಿಯಾಚೆ ನಿಂತಿದ್ದ ನೆರೆಮನೆಯ ಚೆನ್ನಯ್ಯನಿಗೆ ಮಾತು ಕೊಟ್ಟಾಗ, 'ಇವರು' ಬಚ್ಚಲ ಕಲ್ಲಿನ ಹತ್ತಿರ ಬಾಯ್ತುಂಬ ನೊರೆ ತುಂಬಿಕೊಂಡು ಹಲ್ಲುಜ್ಜುತ್ತಿದ್ದ.

"ಏನವ್ವಾ, ನಿನ್ ಗಂಡಂಗೆ ಮನೇಲಿ ಮಂಚ ಇಲ್ವಾ?" ಎಂದು ಕೆಮ್ಮುತ್ತಾ ನಕ್ಕು ಚೆನ್ನಯ್ಯ ಹೊರಟುಹೋದ.

ಮಾವನಲ್ಲ ಎಂಬ ಆ ಕಾಡಂಚಿನ ಊರಿನಲ್ಲಿ ಹೊಲಕ್ಕೆ ಆನೆ ನುಗ್ಗದಂತೆ ಮನೆಗೊಬ್ಬ ಗಂಡಸು ಸರದಿಯ ಮೇಲೆ ಅಟ್ಟಣೆಯೇರಿ ರಾತ್ರಿ ಕಾಯಬೇಕು. ಮಳೆಗಾಲ ಕಳೆದಾಗಿನಿಂದ ಪುಷ್ಪಾ ತನ್ನ ಗಂಡ ನಂಜುಂಡೇಶನನ್ನು ಊರಿಗೇ ಉಂಬಳಿ ಬಿಟ್ಟುಬಿಟ್ಟಿದ್ದಳು. ಯಾರಿಗೋ ಜ್ವರ, ಯಾರ ಮನೆಗೋ ನೆಂಟರು ಎಂದರೆ ಸಾಕು, ಅವರು ಬಾಯಿಬಿಟ್ಟು ಕೇಳುವ ಮೊದಲೇ "ಇವರು ಹೋಗ್ತಾರೆ". ಊರು ಅವನನ್ನು ಧರ್ಮಾತ್ಮನೆಂದು ಕೊಂಡಾಡಿತು. ಧರ್ಮಾತ್ಮನ ಕಣ್ಣ ಕೆಳಗೆ ಕಪ್ಪು ಕಟ್ಟಿತು. ಅವನಿಲ್ಲದ ಹಾಸಿಗೆಯಲ್ಲಿ ಪುಷ್ಪಾ ನೆಮ್ಮದಿಯಾಗಿ ಕಾಲು ಚಾಚುತ್ತಿದ್ದಳು. ಹಾಗೆ ಚಾಚಿಕೊಂಡದ್ದಕ್ಕೆ ಬೆಳಿಗ್ಗೆ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ನಂಜುಂಡೇಶ ಅಡುಗೆಮನೆಗೆ ಬಂದು ಚೆನ್ನಯ್ಯನ ಗೊಗ್ಗರು ದನಿಯಲ್ಲೇ, ಅದೇ ಕೆಮ್ಮು ಸಮೇತ, "ಮಂಚ ಇಲ್ವಾ?" ಎಂದ. ಅವನ ಅಣಕಕ್ಕೆ ಪುಷ್ಪಾ ಎಂದೂ ನಗದೆ ಇದ್ದವಳಲ್ಲ. ಇವತ್ತು ನಗಲಿಲ್ಲ. ಅವನೂ ಅಣಕ ನಿಲ್ಲಿಸಿ ತನ್ನ ದನಿಗೇ ಬಂದ.

"ನನ್ನ ಕಂಡ್ರೆ ಆಗಲ್ಲ ಅಂದ್ರೆ ಹೇಳ್ಬಿಡು. ಮಸಿನಗುಡಿಲಿ ತಂಗಿ ಮನೇಲಿ ಇದ್ಬಿಡ್ತೀನಿ."

"ನಿಮ್ಮ ಮೇಲಲ್ಲ ಕಣ್ರೀ." ಅವಳು ತೊಳೆದ ಲೋಟವನ್ನೇ ಮತ್ತೆ ತೊಳೆದಳು. "ನನಗೆ ಅದು ಬೇಕು ಅನ್ನೋದೇ ಹೋಗ್ಬಿಟ್ಟಿದೆ. ನೀವು ಸುಮ್ನೆ ಭುಜ ಮುಟ್ಟಿದ್ರೂ, ಇನ್ನು ಮುಂದಕ್ಕೇನೋ ಅಂತ ಹೆದರಿಕೆ. ಮೈಯೆಲ್ಲಾ ಭಾರ, ಕೂದಲು ಬೇರೆ ಉದುರ್ತಿದೆ. ವಯಸ್ಸಾಯ್ತು ಅಂದ್ಕೊಂಡೆ."

"ಮೂವತ್ತೆಂಟಕ್ಕಾ? ಹಸು ಒಂದು ಹೊತ್ತು ಮೇವು ಬಿಟ್ರೆ ಓಡೋಗಿ ಡಾಕ್ಟ್ರನ್ನ ಕರ್ಕೊಂಡ್ ಬರ್ತೀಯ. ನಿನಗೆ ಮೈ ಸರಿ ಇಲ್ದಿದ್ರೆ ನನ್ನನ್ನ ಆನೆ ಹತ್ರ ಕಳಿಸ್ತೀಯಾ?"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಗೂಡಲೂರಿನ ಡಾಕ್ಟರ್ ತೇನ್ಮೊಳಿ ಅರ್ಧ ತಮಿಳು, ಅರ್ಧ ಕನ್ನಡದಲ್ಲಿ ಕೇಳಿದರು: ಎಷ್ಟು ತಿಂಗಳಿಂದ, ಮುಟ್ಟು ಸರಿಯಾಗಿದೆಯೇ, ನಿದ್ದೆ ಹೇಗೆ, ಬೇರೆ ಮಾತ್ರೆ ಏನಾದರೂ ಉಂಟೇ, ಮನಸ್ಸಿಗೆ ಬೇಜಾರೇ. ಕೊನೆಯ ಪ್ರಶ್ನೆಗೆ ಪುಷ್ಪಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ವೆಕ್ಕ ಪಡಬೇಡಿಮ್ಮಾ, ನಾಚಿಕೆ ಏನಿಲ್ಲ. ಆಸೆ ಏರುತ್ತೆ, ಇಳಿಯುತ್ತೆ, ಅದು ತಪ್ಪಲ್ಲ. ಇಳಿದೇ ಇದ್ದು ನಿಮಗೆ ಕಷ್ಟ ಕೊಟ್ರೆ ಆಗ ಬರಬೇಕು, ನೀವು ಬಂದಿದ್ದು ಒಳ್ಳೇದಾಯ್ತು. ಥೈರಾಯ್ಡ್ ನೋಡೋಣ. ಅದೇ ಕಾರಣ ಅಂತ ಈಗ್ಲೇ ಹೇಳಕ್ಕಾಗಲ್ಲ." ಆಮೇಲೆ ನಂಜುಂಡೇಶನ ಕಡೆ ತಿರುಗಿ, "ಸಾರ್, ಅವಸರ ಬೇಡ. ಬಲವಂತ ಬೇಡವೇ ಬೇಡ" ಎಂದರು.

ಮಾತಿನ ಮಲ್ಲ ನಂಜುಂಡೇಶ ಬರೀ ತಲೆಯಾಡಿಸಿದ.

ರಕ್ತ ತೆಗೆದ ನರ್ಸ್ ಹತ್ತಿಯುಂಡೆಯಿಟ್ಟು, ಗಟ್ಟಿಯಾಗಿ ಒತ್ತಿ ಹಿಡಿಯಿರಿ ಎಂದು ಹೇಳಿ ಹೋದಳು. ಹೊರಗಿನ ಬೆಂಚಿನ ಮೇಲೆ ನಂಜುಂಡೇಶ ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಕೂತ. ಊರಿಗೆ ಹಿಂದಿರುಗಲು ಹಿಡಿಯಬೇಕಿದ್ದ ಮಸಿನಗುಡಿಯ ಬಸ್ಸೊಂದು ಬಂದು ಹೋಯಿತು. ರಕ್ತ ನಿಂತು ಎಷ್ಟೋ ಹೊತ್ತಾಗಿತ್ತು. ಅವನು ಬೆರಳು ತೆಗೆಯಲಿಲ್ಲ. ಪುಷ್ಪಾ ಕೈ ಎಳೆದುಕೊಳ್ಳಲಿಲ್ಲ.