ಕೆ ಅಂದರೆ ಕೆಟೋನಾ

ಹನೋರಾ ಟಿಯರ್ನಿಗೆ ರೇಗಿದ್ದು ಹೊಸದಾಗಿ ಅಚ್ಚಾಗಿ ಬಂದ ತಂತಿ ಸಂಕೇತಗಳ ಪುಸ್ತಕದ ಮೊದಲ ಪುಟ ಕಂಡಾಗಲ್ಲ. ಅಲ್ಲಿ ದಪ್ಪ ಅಕ್ಷರದಲ್ಲಿ 'ರಚಿಸಿದವರು: ಲಾಯ್ಡ್ ಷೆಂಕ್' ಎಂದಿತ್ತು. ಮ್ಯಾನೇಜರ್ ಅನ್ನಿಸಿಕೊಂಡವನು ತನ್ನ ಹೆಸರು ಹಾಕಿಕೊಳ್ಳದೆ ಬಿಟ್ಟಾನೆಯೇ ಎಂದು ಅದನ್ನು ಹೇಗೋ ನುಂಗಿಕೊಂಡಳು. ಐದನೆಯ ಪುಟಕ್ಕೆ ಬಂದಾಗ ಮಾತ್ರ ಕಿವಿ ಬಿಸಿಯಾಯಿತು.

ಪುಸ್ತಕದೊಳಗಿನ ಒಂದೊಂದು ಸಾಲೂ ಅವಳದು, ಆಲ್ಬನಿಯ ಎಬೆನ್ ವೋರ್ಹೀಸನದು. ನ್ಯೂಯಾರ್ಕಿನ ಬ್ರಾಡ್ ಸ್ಟ್ರೀಟಿನ ಆಸ್ಟ್ರಾಂಡರ್ ದಲ್ಲಾಳಿ ಕಚೇರಿಯಲ್ಲಿ ಅವಳು ತಂತಿ ಯಂತ್ರದ ಮುಂದೆ ಕೂತು ಹದಿನಾಲ್ಕು ವರ್ಷವಾಗಿತ್ತು. ಗಾಜಿನ ಗುಮ್ಮಟದೊಳಗಿನ ಟಿಕ್ಕರ್ ಕಟಕಟ ಎನ್ನುತ್ತ ಷೇರು ದರದ ಕಾಗದ ಉಗುಳಿದಂತೆಲ್ಲ ಅವಳು ಅದನ್ನು ಆಲ್ಬನಿ ಶಾಖೆಗೆ ತಂತಿಯಲ್ಲಿ ಕುಟ್ಟಬೇಕು. ಅತ್ತ ಕಡೆ ಎಬೆನ್ ಕೇಳಿ ಬರೆದುಕೊಳ್ಳಬೇಕು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಬೆರಳಿನ ಓಟದಿಂದಲೇ ಪರಿಚಯ. ಕಂಪನಿಯ ಪೂರ್ತಿ ಹೆಸರು ಕುಟ್ಟುವಷ್ಟರಲ್ಲಿ ದರ ಇನ್ನೆರಡು ಸಲ ಬದಲಾಗಿರುತ್ತಿತ್ತು. ಅದಕ್ಕೇ ಇಬ್ಬರೂ ಸೇರಿ ಹೆಸರುಗಳನ್ನು ಮೊಟಕು ಮಾಡಿದರು. ದಿನಕ್ಕೆ ನೂರು ಸಲ ಬರುವ ರೈಲ್ವೆಗಳಿಗೆ ಒಂದೇ ಅಕ್ಷರ. ಆಗೊಮ್ಮೆ ಈಗೊಮ್ಮೆ ಬರುವವಕ್ಕೆ ಎರಡು. ವಾರಕ್ಕೊಮ್ಮೆಯೂ ಯಾರೂ ಕೇಳದವಕ್ಕೆ ಮೂರು. ಬೆರಳು ಉಳಿಯಬೇಕೆಂಬುದೊಂದೇ ಲೆಕ್ಕ, ಬೇರೆ ಮರ್ಜಿ ಇರಲಿಲ್ಲ.

ಕೆ ಅಂದರೆ ಕೆಟೋನಾ ರೈಲ್ವೆ. ಐದನೆಯ ಪುಟದಲ್ಲಿ ಕೆ ಅಂದರೆ ಕೆಲ್ಸೊ ಉಪ್ಪಿನ ಕಂಪನಿ ಎಂದಿತ್ತು, ಕೆಟೋನಾಕ್ಕೆ ಮೂರಕ್ಷರ ಬಿದ್ದಿತ್ತು. ಕೆಲ್ಸೊ ಷೇರನ್ನು ಮೂಸಿ ನೋಡುವವರಿರಲಿಲ್ಲ. ಅದು ಷೆಂಕನ ತಂಗಿಯ ಗಂಡನ ಕಂಪನಿ.

"ಸಾರ್, ದಿನಾ ಓಡೋ ರೈಲ್ವೆಗೆ ಮೂರಕ್ಷರ, ಮಲಗಿರೋ ಉಪ್ಪಿಗೆ ಒಂದಕ್ಷರಾನಾ?" ಎಂದು ಕೇಳಿದಳು.

"ಒಂದಕ್ಷರ ಅಂದ್ರೆ ಗಿರಾಕಿಗಳ ಕಣ್ಣಿಗೆ ದೊಡ್ಡ ಕಂಪನಿ ಕಣಮ್ಮ," ಎಂದ ಷೆಂಕ್ ಮೀಸೆ ತೀಡಿಕೊಳ್ಳುತ್ತ. "ಅದೆಲ್ಲ ನಿನಗ್ಯಾಕೆ? ನೀನು ಕುಟ್ಟು."

"ಆಲ್ಬನಿಗೆ ಪುಸ್ತಕ ಇನ್ನೂ ತಲುಪಿಲ್ಲ, ಸಾರ್. ಅವರಿಗೆ ಕೆ ಅಂದ್ರೆ ಈಗಲೂ ರೈಲ್ವೇನೇ."

"ತಲುಪತ್ತೆ."

ಗುರುವಾರ ಬೆಳಿಗ್ಗೆ ಆಲ್ಬನಿಯಿಂದ ತಂತಿ ಬಂತು: ಶಾಲೆಯ ಮೇಡಂ ಲವೀನಿಯಾ ಕ್ರೇನ್ ಅವರಿಗೆ ಕೆ, ಮೂವತ್ತು ಷೇರು. ಹನೋರಾ ಚೀಟಿಯಲ್ಲಿ 'ಕೆಟೋನಾ ರೈಲ್ವೆ' ಎಂದು ಬಿಡಿಸಿ ಬರೆದು, ಹೊತ್ತು ನಮೂದಿಸಿ, ಷೆಂಕನ ಕೈಗೆ ಕೊಟ್ಟಳು. ಷೆಂಕ್ ನೀಲಿ ಪೆನ್ಸಿಲಿನಿಂದ ಅದನ್ನು ಹೊಡೆದು 'ಕೆಲ್ಸೊ' ಎಂದು ಬರೆದ.

"ಸಾರ್, ಅವರು ಕೇಳಿರೋದು ರೈಲ್ವೆ. ಎಬೆನ್‌ನ ಒಂದು ಮಾತು ಕೇಳಿಬಿಡ್ತೀನಿ, ಅರ್ಧ ನಿಮಿಷ."

"ನನ್ನ ಪುಸ್ತಕದಲ್ಲಿ ಕೆ ಅಂದ್ರೆ ಉಪ್ಪು," ಎಂದು ಅವನು ಚೀಟಿ ಹಿಡಿದು ನಡೆದೇಬಿಟ್ಟ.

ಮರುದಿನ ಉಪ್ಪಿನ ದರ ನೆಲ ಕಚ್ಚಿತು. ತಮ್ಮ ಹೆಸರಿಗೆ ಉಪ್ಪಿನ ಷೇರು ಬಂದಿದೆಯೆಂದು ತಿಳಿದ ಲವೀನಿಯಾ ಕ್ರೇನ್ ಶನಿವಾರ ಆಲ್ಬನಿಯಿಂದ ಮೊದಲ ರೈಲು ಹಿಡಿದು ಬಂದು ಗಿರಾಕಿಗಳ ಹಜಾರದಲ್ಲಿ ನಿಂತಿದ್ದರು. ಷೆಂಕ್ ಅವರೆದುರು ಟೋಪಿ ತೆಗೆದು ತಲೆ ತಗ್ಗಿಸಿದ. "ಕ್ಷಮಿಸಬೇಕು, ನಮ್ಮ ತಂತಿಯ ಹೆಂಗಸು ತಪ್ಪಾಗಿ ಕೇಳಿಸ್ಕೊಂಡಿದಾಳೆ. ವಯಸ್ಸಾಯ್ತು ನೋಡಿ, ಕಿವಿ ಮಂದ."

ಹನೋರಾಗೆ ಆಗ ನಲವತ್ತೊಂದು. ಪಕ್ಕದ ಕೋಣೆಯಲ್ಲಿ ಪಿಸುಗುಟ್ಟಿದರೂ ಕೇಳಿಸುವ ಕಿವಿ ಅವಳದು.

ಷೆಂಕ್ ಒಳಬಂದು ಒಂದು ಕಾಗದ ಚಾಚಿದ. ತಪ್ಪು ತನ್ನದೇ ಎಂದು ಹನೋರಾ ಒಪ್ಪಿಕೊಂಡಂತೆ ಅದರಲ್ಲಿತ್ತು. "ರುಜು ಹಾಕು. ಕೆಲಸ ಉಳಿಯತ್ತೆ."

"ಹಾಕಲ್ಲ."

"ಹುಚ್ಚಿ ಥರ ಆಡಬೇಡ."

ಅವಳು ಎದ್ದಳು. ಚೀಟಿಗಳನ್ನು ಚುಚ್ಚಿಡುವ ಕಬ್ಬಿಣದ ಮುಳ್ಳಿನಿಂದ ಗುರುವಾರದ ಕಟ್ಟನ್ನೇ ಎಳೆದು, ಒಂದೊಂದೇ ಮಗುಚಿ, ತನಗೆ ಬೇಕಾದ್ದನ್ನು ಹಿಡಿದು ಹಜಾರಕ್ಕೆ ನಡೆದಳು. ಕಚೇರಿಯಲ್ಲಿ ಕೆಲಸ ಮಾಡುವ ಹೆಂಗಸರು ಅಲ್ಲಿಗೆ ಕಾಲಿಡುವ ರೂಢಿ ಇರಲಿಲ್ಲ. ಸಿಗಾರ್ ಸೇದುತ್ತ ಕೂತಿದ್ದ ಇಪ್ಪತ್ತು ಮಂದಿ ಗಂಡಸರು ತಲೆಯೆತ್ತಿದರು.

"ಮೇಡಂ, ನೀವೇ ಓದಿ," ಎಂದು ಚೀಟಿಯನ್ನು ಲವೀನಿಯಾ ಕ್ರೇನ್ ಕೈಗಿಟ್ಟಳು. "ಶಾಯಿ ನನ್ನದು. ನೀಲಿ ಪೆನ್ಸಿಲ್ ಯಾರದು ಅಂತ ಇವರನ್ನೇ ಕೇಳಿ."

ಲವೀನಿಯಾ ಕ್ರೇನ್ ಹಿಂದಿನ ಬೆಂಚಿನ ಪೋರರಿಗೂ ಕೇಳುವಂಥ ದನಿಯಲ್ಲಿ ಓದಿದರು. ವಯಸ್ಸಾದ ಮಾಲೀಕ ಆಸ್ಟ್ರಾಂಡರ್ ತನ್ನ ಕೋಣೆಯಿಂದ ಹೊರಬಂದ. ಚೀಟಿ ನೋಡಿದ, ಷೆಂಕನನ್ನು ನೋಡಿದ, ಷೆಂಕನ ಜೇಬಿನಿಂದ ಇಣುಕುತ್ತಿದ್ದ ನೀಲಿ ಪೆನ್ಸಿಲನ್ನೂ ನೋಡಿದ. ಉಪ್ಪಿನ ಷೇರನ್ನು ಕಚೇರಿಯೇ ಹೊತ್ತುಕೊಂಡು ಮೇಡಂಗೆ ರೈಲ್ವೆ ಷೇರು ಕೊಡುವುದೆಂದು ಅಲ್ಲೇ ತೀರ್ಮಾನವಾಯಿತು. ಕೆ ಮತ್ತೆ ಕೆಟೋನಾಕ್ಕೆ ಬಂತು.

ಗಿರಾಕಿಗಳೆಲ್ಲ ಹೋದ ಮೇಲೆ ಆಸ್ಟ್ರಾಂಡರ್ ಅವಳನ್ನು ಕರೆಸಿದ. "ನಿನ್ನ ಮಾತು ಸರಿ. ಆದ್ರೆ ಗಿರಾಕಿಗಳ ಮುಂದೆ ನಮ್ಮ ಮಾನ ತೆಗೆದೆ. ಇನ್ಮೇಲೆ ಬಾಯಿ ಬಿಗಿ ಹಿಡಿದು ಕೆಲಸ ಮಾಡು."

"ಷೆಂಕ್ ಅವರು?"

"ಅವನು ನನ್ನ ಅಳಿಯ."

"ಪುಸ್ತಕ ಮತ್ತೆ ಅಚ್ಚಿಗೆ ಹೋಗತ್ತಲ್ಲ, ಸಾರ್. ಅದರ ಮೇಲೆ ನನ್ನ ಹೆಸರು, ಎಬೆನ್ ವೋರ್ಹೀಸ್ ಹೆಸರು ಇರಲಿ. ಅಷ್ಟೇ ಕೇಳ್ತಿರೋದು."

ಮುದುಕ ನಕ್ಕ. ಕೆಟ್ಟ ನಗುವಲ್ಲ ಅದು, ನಿಜವಾಗಿಯೂ ತಮಾಷೆ ಅನ್ನಿಸಿ ನಕ್ಕದ್ದು. ಅವಳಿಗೆ ಉರಿದದ್ದೂ ಅದಕ್ಕೇ. "ತಂತಿ ಕುಟ್ಟೋರ ಹೆಸರು ಯಾರಿಗೆ ಬೇಕಮ್ಮ?"

"ನನಗೆ ಬೇಕು," ಎಂದಳು ಹನೋರಾ.

ತನ್ನ ಮೇಜಿಗೆ ಹೋಗಿ ಆಲ್ಬನಿಗೆ ಕೊನೆಯ ತಂತಿ ಕುಟ್ಟಿದಳು. ನಡೆದದ್ದನ್ನೆಲ್ಲ ಪೂರ್ತಿ ಪದಗಳಲ್ಲಿ, ಒಂದನ್ನೂ ಮೊಟಕು ಮಾಡದೆ ಹೇಳಿದಳು. ಎಬೆನ್ ಎಂದೂ ಇಲ್ಲದಷ್ಟು ನಿಧಾನವಾಗಿ ಉತ್ತರಿಸಿದ: "ಶಾಖೆಯ ಎಲ್ಲರಿಗೂ ಹೇಳ್ತೀನಿ. ಈಗಲೇ."

ಸೋಮವಾರದಿಂದ ಅವಳು ಫ್ರಂಟ್ ಸ್ಟ್ರೀಟಿನ ಗೋಧಿ ವ್ಯಾಪಾರಿಯೊಬ್ಬನ ಹತ್ತಿರ ಕೆಲಸಕ್ಕೆ ಸೇರಿದಳು. ಸಂಬಳ ಕಡಿಮೆ, ಕಿಟಕಿ ದೊಡ್ಡದು. ಸಿಟ್ಟು ಇಳಿಯಲಿಲ್ಲ, ಇಳಿಸಿಕೊಳ್ಳಬೇಕೆಂದು ಅವಳಿಗೆ ಅನ್ನಿಸಲೂ ಇಲ್ಲ. ಯಾರಾದರೂ ಷೆಂಕನ ಪುಸ್ತಕ ಎಂದರೆ ಸಾಕು, ಕೈಕೆಲಸ ಬಿಟ್ಟು ಕುರ್ಚಿ ತಿರುಗಿಸಿ, ಮೊದಲಿನಿಂದ ಕೊನೆಯವರೆಗೆ ಹೇಳಿಯೇ ಬಿಡುತ್ತಿದ್ದಳು.