ತಾರಸಿ ಮೂಲೆಯ ಪೂಜೆ ಹೂವು

ಹಿಂದಿನ ಸಂಜೆ ಸುರಿದ ಮಳೆ ಬೆಳಗಾಗುವಷ್ಟರಲ್ಲಿ ನಿಂತಿತ್ತು. ಮೇ ತಿಂಗಳ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಎಂಟು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಆದರೆ ಬೆಂಗಳೂರಿನ ಹೆಗ್ಗನಹಳ್ಳಿಯ ಬಸವರಾಜೇಶ್ವರಿಯವರ ಒಳಕೋಣೆಯಲ್ಲಿ ಮಾತ್ರ ಇನ್ನೂ ಮಳೆಗಾಲ. ಸೂರಿನಿಂದ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು.

ಮುಂದಿನ ತಿಂಗಳು ಮಗಳು ಹೇಮಶ್ರೀ ಹೆರಿಗೆಗೆ ಬರುವವಳು. ಬಾಣಂತಿ, ಮಗು ಮಲಗಬೇಕಾದದ್ದು ಇದೇ ಕೋಣೆಯಲ್ಲಿ. ಗೋಡೆ ನೋಡಿದರೆ ಬೂಷ್ಟು ಹಿಡಿದು ಕಪ್ಪಾಗಿತ್ತು.

"ಎಲ್ಲ ಪಕ್ಕದ್ಮನೆ ಟ್ಯಾಂಕಿನ ಉಪಕಾರ. ಮೋಟರ್ ಹಾಕಿ ಮರೀತಾರೆ, ಆ ನೀರು ನಮ್ಮ ಗೋಡೆಗಿಳಿಯುತ್ತೆ," ಎಂದರು ಬಸವರಾಜೇಶ್ವರಿ.

ಗಂಡ ಗುರುಬಸಪ್ಪ ನಕ್ಕರು. "ಅವ್ರು ಊರಿಗೆ ಹೋಗಿ ನಿನ್ನೆ ರಾತ್ರಿ ಬಂದ್ರಲ್ಲೇ. ನಡುವೆ ಮೋಟರ್ ಹಾಕಿದ್ದು ಯಾರು, ದೆವ್ವನಾ?"

ಹೋದ ವರ್ಷ ಹಿಂಗಾರಿನಲ್ಲಿ ಮೊದಲ ಸಲ ಸೋರಿದಾಗ ತಮ್ಮ ನೀಲಿ ಟಾರ್ಪಾಲು ಕೊಟ್ಟವಳು ಆ ಪಕ್ಕದ ಮನೆಯ ಲತಾ. ಆಮೇಲೆ ಟ್ಯಾಂಕಿನ ಅನುಮಾನ ಹುಟ್ಟಿತು, ಮಾತು ನಿಂತಿತು. ಟಾರ್ಪಾಲು ಇವರ ತಾರಸಿಯ ಮೇಲೇ ಉಳಿಯಿತು.

ಲತಾ ಕಟ್ಟಡ ಕಂಟ್ರಾಕ್ಟರ್ ಆಫೀಸಿನಲ್ಲಿ ಸಿವಿಲ್ ಕೆಲಸ ನೋಡಿಕೊಳ್ಳುವವಳು. ಕಿಟಕಿಯಾಚೆಯಿಂದ ಇದನ್ನೆಲ್ಲ ಕೇಳಿಸಿಕೊಂಡು ಕೂಗಿದಳು: "ಆಂಟಿ, ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ. ಒಂದ್ಸಲ ನಿಮ್ಮ ತಾರಸಿ ನೋಡ್ಲಾ?"

ಮೂವರೂ ಮೇಲೆ ಹೋದರು. ಲತಾ ಟಾರ್ಪಾಲು ಸರಿಸಿದಳು. ಅದರಡಿ ಪಾದ ಮುಳುಗುವಷ್ಟು ನೀರು. ಮೂಲೆಯಲ್ಲಿ ಕೊಳೆತ ಚೆಂಡುಹೂವು, ಬಿಲ್ವಪತ್ರೆ. ಪೂಜೆ ಮಾಡಿದ ಹೂವನ್ನು ಯಾರೂ ತುಳಿಯಬಾರದೆಂದು ಬಸವರಾಜೇಶ್ವರಿ ದಿನವೂ ತಂದು ಇಲ್ಲೇ ಹಾಕುತ್ತಿದ್ದರು. ಅವು ಗಾಳಿಗೆ ಸರಿದು ಮಳೆನೀರಿನ ಪೈಪಿನ ಬಾಯಿಗೆ ಕೂತಿದ್ದವು. ಲತಾ ಕೈಹಾಕಿ ಒಂದು ಹಿಡಿ ಎಳೆದಳು. ನೀರು ಗೊಳಗೊಳ ಇಳಿದುಹೋಯಿತು.

"ನಮ್ಮ ಬೆಂಗಳೂರಿನ ಹವಾನೇ ಹಿಂಗೆ ಆಂಟಿ. ಮಧ್ಯಾಹ್ನ ತಾರಸಿ ಕಾಯುತ್ತೆ, ಸಾಯಂಕಾಲ ತಣ್ಣಗೆ ಮಳೆ ಬೀಳುತ್ತೆ. ಬಿಸಿ ಗಾಜಿನ ಲೋಟಕ್ಕೆ ತಣ್ಣೀರು ಹುಯ್ದಂಗೆ. ವರ್ಷಾನುಗಟ್ಲೆ ಹಿಂಗಾದ್ರೆ ಕೂದಲೆಳೆಯಷ್ಟು ಬಿರುಕು ಬರುತ್ತೆ. ಹರಿಯೋ ನೀರು ಹರ್ಕೊಂಡು ಹೋಗುತ್ತೆ. ನಿಂತ ನೀರು ಬಿರುಕು ಹುಡುಕುತ್ತೆ."

"ಹಂಗಾದ್ರೆ ಮೇಲೆ ಪೂರ್ತಿ ಶೀಟೇ ಹಾಕ್ಸಿಬಿಡೋಣ," ಎಂದರು ಬಸವರಾಜೇಶ್ವರಿ.

"ಹಾಕ್ಸಿ. ಅದರಂಚಿನ ನೀರಿಳಿಯೋ ದೋಣಿಯಲ್ಲೂ ಕಸ ತುಂಬುತ್ತೆ. ಅದನ್ನ ಯಾರು ತೆಗೀತಾರೆ?"

ಬಸವರಾಜೇಶ್ವರಿಯವರ ದನಿ ಇಳಿಯಿತು. "ದೇವರ ಹೂವನ್ನ ಕಸದ ಗಾಡಿಗೆ ಹಾಕು ಅಂತೀಯಾ?"

ಗುರುಬಸಪ್ಪ ನಿಧಾನವಾಗಿ ಹೇಳಿದರು: "ಇಲ್ಲಿ ಕೊಳೀತಾ ಬಿದ್ದಿರೋದು ಮರ್ಯಾದೆನಾ, ಹೇಳು. ದಾಸವಾಳದ ಕುಂಡದ ಮಣ್ಣಿಗೆ ಸೇರ್ಸು. ನಾಳೆ ಅದೇ ಹೂವಾಗಿ ಪೂಜೆಗೆ ಬರುತ್ತೆ. ನಮ್ಮೂರ ಮಣ್ಣಿನ ಮಾಳಿಗೆ ನೆನಪಿದೆಯಾ? ಮುಂಗಾರಿಗೆ ಮೊದ್ಲು ಅಪ್ಪ ಮೇಲೆ ಹತ್ತಿ ಹೊಸ ಮಣ್ಣು ಹಾಕಿ, ನೀರಿನ ದಾರಿ ಬಿಡಿಸಿಯೇ ಉಳುಮೆಗೆ ಹೋಗ್ತಿದ್ದ. ಆರ್‌ಸಿಸಿ ತಾರಸಿ ಬಂದ್ಮೇಲೆ ನಾವು ತಲೆ ಎತ್ತಿ ನೋಡೋದನ್ನೇ ಬಿಟ್ವಿ."

ಬಸವರಾಜೇಶ್ವರಿ ಬಗ್ಗಿ, ಉಳಿದ ಹೂವನ್ನು ತಾವೇ ಬುಟ್ಟಿಗೆ ತುಂಬಿದರು.

ಮಳೆ ಬಿಡುವು ಕೊಟ್ಟ ದಿನಗಳಲ್ಲಿ ತಾರಸಿ ಚೆನ್ನಾಗಿ ಒಣಗಿತು. ಬಿರುಕು ತುಂಬಿಸಿ, ವಾಟರ್‌ಪ್ರೂಫಿಂಗ್ ಮಾಡಿಸಿದರು. ಬಿಸಿಲು ಹೀರದಿರಲೆಂದು ಬಿಳಿ ಬಣ್ಣ ಹೊಡೆಸಿದರು. ಪೈಪಿನ ಬಾಯಿಗೆ ಜಾಲರಿ ಕೂತಿತು. ಮತ್ತೊಂದು ಸಂಜೆ ಗುಡುಗು ಸಹಿತ ಮಳೆ ಬಂದಾಗ ಬಸವರಾಜೇಶ್ವರಿ ಬಕೆಟ್ ಹಿಡಿದು ಒಳಕೋಣೆಯಲ್ಲಿ ನಿಂತರು. ಹೊರಗೆ ಪೈಪು ಧೋ ಎಂದು ಸುರಿಯಿತು. ಬಕೆಟ್ ಒಣಗಿಯೇ ಇತ್ತು.

ಅಕ್ಕಂದಿರೇ, ಅಣ್ಣಂದಿರೇ, ಸೂರು ಸೋರಿದರೆ ನೆರೆಯವರನ್ನು ದೂರುವ ಮೊದಲು ಒಮ್ಮೆ ಮೆಟ್ಟಿಲು ಹತ್ತಿ. ಮುಂಗಾರಿಗೆ ಮುಂಚೆ ಒಂದು ಸಲ, ದಸರಾ ಹೊತ್ತಿಗೆ ಇನ್ನೊಂದು ಸಲ ನೀರಿನ ದಾರಿ ಬಿಡಿಸಿ. ಬಿರುಕಿನ ಕೆಲಸವನ್ನು ತಾರಸಿ ಒಣಗಿರುವಾಗಲೇ ಮಾಡಿಸಿ. ಹಸಿಯ ಮೇಲೆ ಬಳಿದದ್ದು ನಿಲ್ಲುವುದಿಲ್ಲ. ನಮ್ಮನ್ನು ಕಾಯುವ ಸೂರನ್ನು ನಾವೂ ಕಾಯಬೇಕಲ್ಲವೇ?

ಹೇಮಶ್ರೀ ಬರುವ ಹಿಂದಿನ ದಿನ ಬಸವರಾಜೇಶ್ವರಿ ನೀಲಿ ಟಾರ್ಪಾಲನ್ನು ತೊಳೆದು ಒಣಗಿಸಿ, ಅಂಚಿಗೆ ಅಂಚು ಕೂಡಿಸಿ ಮಡಚಿದರು. ಪಕ್ಕದ ಮನೆಯ ಬಾಗಿಲು ತಟ್ಟಿದರು. ಲತಾ ಬಾಗಿಲು ತೆರೆದಳು. ಎರಡೂ ಕೈಯಲ್ಲಿ ಹಿಡಿದು, ಅದನ್ನು ಲತಾಳ ಕೈಗಿಟ್ಟರು.